ಇಂಗ್ಲಿಷ್ ಕಲಿಸಲು ಎಲ್ಲಿಗೆ? ನೆಲೆಯ ಆಯ್ಕೆ ಮತ್ತು ಅಧ್ಯಾಪಕರ ಹೊಣೆ

1

ಇಂಗ್ಲಿಷ್ ಭಾಷೆಯ ಯಜಮಾನಿಕೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗೆ ದೀರ್ಘವಾದ ಚರಿತ್ರೆಯಿದೆ. ಮೆಕಾಲೆಯ 1835ರ ಟಿಪ್ಪಣಿಯಿಂದ ಹಿಡಿದು ಶಿಕ್ಷಣ ಮಾಧ್ಯಮದ ಪ್ರಶ್ನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನೀಡಿದ ತೀರ್ಪಿನವರೆಗೆ ಈ ಚರ್ಚೆಯನ್ನು ನಾವು ಬಹುಮಟ್ಟಿಗೆ ಒಂದೇ ನೆಲೆಯಲ್ಲಿ ನಿಂತು ನಡೆಸುತ್ತ ಬಂದಿದ್ದೇವೆ. ಇಂಗ್ಲಿಷ್ ಹೊರಗಿನಿಂದ ಬಂದಿತು. ನಾವು ಅದನ್ನು ಪಡೆದುಕೊಂಡೆವು. ಪಡೆದುದರಿಂದ ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬುದು ನಮ್ಮ ಪ್ರಶ್ನೆ. ಈ ಪ್ರಶ್ನೆಯಲ್ಲಿ ನಾವು ಯಾವಾಗಲೂ ಪಡೆಯುವ ಪಕ್ಷ.

ಆದರೆ ಕಳೆದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಭಾರತೀಯರು ಇಂಗ್ಲಿಷನ್ನು ಕೊಡುವ ಪಕ್ಷವೂ ಆಗಿದ್ದಾರೆ. ಇಥಿಯೋಪಿಯಾ, ಭೂತಾನ, ಮಾಲ್ಡೀವ್ಸ್ ಮುಂತಾದ ದೇಶಗಳ ಶಾಲೆಗಳಲ್ಲಿ ಇಂಗ್ಲಿಷ್ ಹಾಗೂ ಇಂಗ್ಲಿಷಿನ ಮೂಲಕ ಇತರ ವಿಷಯಗಳನ್ನು ಕಲಿಸಿದ ಶಿಕ್ಷಕರಲ್ಲಿ ಭಾರತೀಯರ, ಅದರಲ್ಲಿಯೂ ಕೇರಳದವರ ಪಾಲು ದೊಡ್ಡದು. ನಮ್ಮ ಕಾಲೇಜುಗಳಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಜೊತೆಯಾಗಿ ಓದಿ ಶಿಕ್ಷಕ ತರಬೇತಿ ಪಡೆದ ಪದವೀಧರರಿಗೂ ಈ ದಾರಿ ತೆರೆದಿದೆ. ಅವರಲ್ಲಿ ಕೆಲವರು ಅರ್ಜಿ ಹಾಕುವ ಮುನ್ನ ತಮ್ಮ ಅಧ್ಯಾಪಕರ ಸಲಹೆ ಕೇಳುವುದೂ ಉಂಟು. ಆಗ ನಾವು ಸಂಬಳ, ವಸತಿ, ಸುರಕ್ಷತೆಗಳ ಬಗ್ಗೆ ಮಾತನಾಡುತ್ತೇವೆ. ಇಂಗ್ಲಿಷಿನ ಬಗ್ಗೆ ನೂರಾರು ಪುಟ ಬರೆದಿರುವ ನಾವು, ಕೊಡುವವರ ನೆಲೆಯಲ್ಲಿ ನಿಂತಾಗ ಏಳುವ ನೈತಿಕ ಪ್ರಶ್ನೆಗಳನ್ನು ಅವರ ಮುಂದಿಡುವುದಿಲ್ಲ. ಆ ಪ್ರಶ್ನೆಗಳನ್ನು ಗುರುತಿಸಿ, ನೆಲೆಯ ಆಯ್ಕೆಗೆ ಒಂದು ಅಳತೆಗೋಲನ್ನು ಸೂಚಿಸುವುದು ಈ ಬರಹದ ಉದ್ದೇಶ.

2

ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಹೊರಟವರ ನೈತಿಕ ಚರ್ಚೆ ಸಾಮಾನ್ಯವಾಗಿ ಒಂದು ಪ್ರಶ್ನೆಯ ಸುತ್ತ ನಡೆಯುತ್ತದೆ: ಸರ್ವಾಧಿಕಾರವಿರುವ, ಮಾನವ ಹಕ್ಕುಗಳಿಗೆ ಬೆಲೆಯಿಲ್ಲದ ದೇಶದಲ್ಲಿ ಕೆಲಸ ಮಾಡಬಹುದೆ? ಪ್ರಶ್ನೆ ಅಗತ್ಯವಾದದ್ದೇ. ಆದರೆ ಇದು ಇಂಗ್ಲಿಷ್ ಕಲಿಸುವವರನ್ನು ಮಾತ್ರ ಕಾಡಬೇಕಾದ ಪ್ರಶ್ನೆಯಲ್ಲ. ಅಲ್ಲಿ ಸೇತುವೆ ಕಟ್ಟಲು ಹೋಗುವ ಎಂಜಿನಿಯರನಿಗೂ ಅದು ಅನ್ವಯಿಸುತ್ತದೆ. ಭಾಷೆಯನ್ನು ಕಲಿಸುವವರ ಮುಂದೆ ಇದಲ್ಲದೆ ಇನ್ನೊಂದು ಪ್ರಶ್ನೆಯಿದೆ. ತಾವು ಕೊಂಡೊಯ್ಯುವ ಭಾಷೆ ಅಲ್ಲಿನ ತರಗತಿಯಲ್ಲಿ ಯಾವ ಭಾಷೆಯ ಪಕ್ಕದಲ್ಲಿ ನಿಲ್ಲುತ್ತದೆ, ಅಥವಾ ಯಾವ ಭಾಷೆಯನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರುತ್ತದೆ ಎಂಬುದು ಆ ಪ್ರಶ್ನೆ.

ಇಂಗ್ಲಿಷ್ ಬೋಧನೆ ಒಂದು ಅಂತರರಾಷ್ಟ್ರೀಯ ವೃತ್ತಿಯಾಗಿ ರೂಪುಗೊಂಡ ಕಾಲದಲ್ಲಿ ಈ ಪ್ರಶ್ನೆಯನ್ನು ಬದಿಗೆ ಸರಿಸಲಾಯಿತು. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಸಮ್ಮೇಳನವೊಂದು ನಡೆಯಿತು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವುದು ಅದರ ವಿಷಯ. ಅಲ್ಲಿ ಗಟ್ಟಿಗೊಂಡ ನಂಬಿಕೆಗಳನ್ನು ರಾಬರ್ಟ್ ಫಿಲಿಪ್ಸನ್ ಭಾಷಾ ಸಾಮ್ರಾಜ್ಯಶಾಹಿಯನ್ನು ಕುರಿತ ತಮ್ಮ 1992ರ ಗ್ರಂಥದಲ್ಲಿ ಐದು ಮಿಥ್ಯೆಗಳೆಂದು ವಿಂಗಡಿಸಿದರು. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕು. ಇಂಗ್ಲಿಷ್ ಮಾತೃಭಾಷೆಯಾಗಿರುವವರೇ ಆದರ್ಶ ಶಿಕ್ಷಕರು. ಎಷ್ಟು ಎಳೆಯ ವಯಸ್ಸಿನಲ್ಲಿ ಆರಂಭಿಸಿದರೆ ಅಷ್ಟು ಒಳ್ಳೆಯದು. ಎಷ್ಟು ಹೆಚ್ಚು ಇಂಗ್ಲಿಷ್ ಕಿವಿಗೆ ಬಿದ್ದರೆ ಅಷ್ಟು ಒಳ್ಳೆಯದು. ಬೇರೆ ಭಾಷೆಗಳ ಬಳಕೆ ಹೆಚ್ಚಿದಷ್ಟೂ ಇಂಗ್ಲಿಷಿನ ಗುಣಮಟ್ಟ ಕುಸಿಯುತ್ತದೆ. ಈ ಐದೂ ನಮಗೆ ಅಪರಿಚಿತವಲ್ಲ. ನಮ್ಮ ಊರಿನ ಖಾಸಗಿ ಶಾಲೆಗಳ ಜಾಹೀರಾತುಗಳಲ್ಲಿ ಇವುಗಳನ್ನು ಇಂದಿಗೂ ಓದಬಹುದು.

ಇದೇ ಮಕೆರೆರೆಯಲ್ಲಿ ಮರುವರ್ಷ, 1962ರಲ್ಲಿ, ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನ ನಡೆಯಿತು. ವಿದ್ಯಾರ್ಥಿಯಾಗಿ ಅದರಲ್ಲಿ ಭಾಗವಹಿಸಿದ್ದ ಗೂಗಿ ವಾ ಥಿಯಾಂಗೊ, ಆಫ್ರಿಕದ ಭಾಷೆಗಳಲ್ಲಿ ಬರೆಯುತ್ತಿದ್ದ ಹಿರಿಯರಿಗೆ ಅಲ್ಲಿ ಜಾಗವಿರಲಿಲ್ಲವೆಂಬುದನ್ನು 1986ರ ತಮ್ಮ ಪುಸ್ತಕದಲ್ಲಿ ಮುಖ್ಯ ಪ್ರಶ್ನೆಯನ್ನಾಗಿ ಎತ್ತಿದರು. ಶಾಲೆಯಲ್ಲಿ ಗಿಕುಯು ಮಾತನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದುದನ್ನೂ ಅವರು ಅಲ್ಲಿ ದಾಖಲಿಸಿದ್ದಾರೆ. ಮುಂದೆ ಕಥನ ಸಾಹಿತ್ಯಕ್ಕೆ ಗಿಕುಯುವನ್ನೇ ಆರಿಸಿಕೊಂಡ ಅವರು 2025ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಒಂದು ಸಮ್ಮೇಳನ ಶಿಕ್ಷಕರದು, ಇನ್ನೊಂದು ಲೇಖಕರದು. ಶಿಕ್ಷಕರು ತರಗತಿಯಿಂದ ಹೊರಗಿಟ್ಟ ಭಾಷೆಗಳೇ ಲೇಖಕರ ಸಭೆಯಿಂದಲೂ ಹೊರಗುಳಿದವು. ಭಾಷಾ ಬೋಧನೆಗೂ ಸಾಹಿತ್ಯಕ್ಕೂ ಇರುವ ಈ ನಂಟನ್ನು ಕನ್ನಡ ಅಧ್ಯಾಪಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಬಗೆಯ ಕಲಿಕೆಗಳನ್ನು ಬೇರ್ಪಡಿಸಿ ನೋಡುವುದು ಉಪಯುಕ್ತ. ಇದ್ದ ಭಾಷೆಯನ್ನು ಇದ್ದಲ್ಲಿಯೇ ಉಳಿಸಿ, ಅದರ ಬಲದ ಮೇಲೆ ಇನ್ನೊಂದನ್ನು ಸೇರಿಸುವುದು ಕೂಡಿಸುವ ಕಲಿಕೆ. ಇದ್ದುದನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಇಡುವುದು ಕಳೆಯುವ ಕಲಿಕೆ. ನನ್ನ ವಾದ ಇಷ್ಟು: ಇಂಗ್ಲಿಷ್ ಕಲಿಸಲು ಒಂದು ನೆಲೆಯನ್ನು ಆರಿಸಿಕೊಳ್ಳುವಾಗ ಆ ದೇಶದ ಸರ್ಕಾರ ಎಂಥದು ಎಂಬುದಕ್ಕಿಂತ ಮೊದಲು, ತಾನು ಹೋಗಿ ನಿಲ್ಲುವ ತರಗತಿ ಕೂಡಿಸುವಂಥದೋ ಕಳೆಯುವಂಥದೋ ಎಂಬುದನ್ನು ಅಧ್ಯಾಪಕರು ವಿಚಾರಿಸಬೇಕು. ಕಳೆಯುವಂಥದಾದರೆ ಆ ನಷ್ಟ ಯಾರದು ಎಂಬುದನ್ನೂ ಕೇಳಬೇಕು.

3

ಈ ಮಾತನ್ನು ಪರೀಕ್ಷಿಸಲು ರುವಾಂಡಾ ತಕ್ಕ ಉದಾಹರಣೆ. ಆ ದೇಶದ ಬಹುತೇಕ ಎಲ್ಲರೂ ಆಡುವ ಭಾಷೆ ಒಂದೇ, ಕಿನ್ಯಾರ್ವಾಂಡಾ. ಶಿಕ್ಷಣ ಮಾಧ್ಯಮಕ್ಕೆ ಸಂಬಂಧಿಸಿದಂತೆ ಇಷ್ಟು ಅನುಕೂಲವಾದ ಸ್ಥಿತಿ ಆಫ್ರಿಕದಲ್ಲಿ ಅಪರೂಪ. ಬೆಲ್ಜಿಯನ್ ವಸಾಹತುಶಾಹಿಯ ಪರಿಣಾಮವಾಗಿ ಅಲ್ಲಿನ ಮೇಲಿನ ತರಗತಿಗಳಲ್ಲಿ ಫ್ರೆಂಚ್ ನೆಲೆಯೂರಿತ್ತು. 1994ರ ನರಮೇಧದ ನಂತರ ಅಧಿಕಾರಕ್ಕೆ ಬಂದ ನಾಯಕತ್ವದಲ್ಲಿ ನಿರಾಶ್ರಿತರಾಗಿ ಉಗಾಂಡದಲ್ಲಿ ಬೆಳೆದವರು ಪ್ರಮುಖರಾಗಿದ್ದರು. ಅವರು ಓದಿದ್ದು ಇಂಗ್ಲಿಷಿನಲ್ಲಿ. 2006ರಲ್ಲಿ ಫ್ರಾನ್ಸಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಹೋಯಿತು. 2007ರಲ್ಲಿ ದೇಶ ಪೂರ್ವ ಆಫ್ರಿಕ ಸಮುದಾಯವನ್ನು ಸೇರಿತು. 2008ರ ಅಕ್ಟೋಬರಿನಲ್ಲಿ ಫ್ರೆಂಚ್ ಮಾಧ್ಯಮವನ್ನು ಕೈಬಿಟ್ಟು ಇಂಗ್ಲಿಷನ್ನು ತರುವ ತೀರ್ಮಾನವಾಯಿತು. 2009ರಲ್ಲಿ ರುವಾಂಡಾ ಕಾಮನ್‌ವೆಲ್ತ್ ಸೇರಿತು.

ಇದು ವಸಾಹತುಶಾಹಿ ಹೇರಿದ ಇಂಗ್ಲಿಷ್ ಅಲ್ಲ. ಸ್ವತಂತ್ರ ದೇಶವೊಂದು ತನ್ನ ರಾಜಕೀಯ ಮತ್ತು ವಾಣಿಜ್ಯದ ಲೆಕ್ಕಾಚಾರದಿಂದ ತಾನೇ ಆರಿಸಿಕೊಂಡದ್ದು. ಆದ್ದರಿಂದ 'ಕೇಳಿದವರಿಗೆ ಕಲಿಸುತ್ತೇವೆ' ಎಂಬ ಸಮರ್ಥನೆ ಇಲ್ಲಿ ಸುಲಭವಾಗಿ ದೊರೆಯುತ್ತದೆ. ಆದರೆ ಕೇಳಿದವರು ಯಾರು? ಕೇಳಿದ್ದು ಸಚಿವ ಸಂಪುಟ. ಫ್ರೆಂಚ್ ಮಾಧ್ಯಮದಲ್ಲಿ ತರಬೇತಿ ಪಡೆದು ವರ್ಷಗಟ್ಟಲೆ ಗಣಿತವನ್ನೋ ವಿಜ್ಞಾನವನ್ನೋ ಕಲಿಸಿದ್ದ ಶಿಕ್ಷಕರು ಆ ತೀರ್ಮಾನದಿಂದಾಗಿ ತಮ್ಮದೇ ತರಗತಿಯಲ್ಲಿ ತೊದಲುವವರಾದರು. ವಿಷಯಜ್ಞಾನ ಇದ್ದಂತೆಯೇ ಇತ್ತು. ಅದನ್ನು ಹೇಳುವ ನಾಲಗೆ ಇಲ್ಲವಾಯಿತು. ಮುಂದೆ ಆರಂಭದ ಮೂರು ತರಗತಿಗಳಿಗೆ ಕಿನ್ಯಾರ್ವಾಂಡಾವನ್ನು ಮರಳಿ ತರಲಾಯಿತು. 2019ರ ಡಿಸೆಂಬರಿನಲ್ಲಿ ಅದನ್ನೂ ಬದಲಾಯಿಸಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಎಂದು ಸರ್ಕಾರ ಪ್ರಕಟಿಸಿತು. 2022ರಲ್ಲಿ ಜಿಂಬಾಬ್ವೆಯಿಂದ ಶಿಕ್ಷಕರನ್ನು ಕರೆಸಿಕೊಳ್ಳಲಾಯಿತು.

ಇಂಥಲ್ಲಿಗೆ ಹೋಗಬೇಕೆ, ಬೇಡವೆ? ದೇಶದ ಹೆಸರನ್ನಷ್ಟೇ ನೋಡಿ ಉತ್ತರ ಹೇಳುವುದು ಸಾಧ್ಯವಿಲ್ಲ. ಫ್ರೆಂಚ್ ಬಲ್ಲ, ಇಂಗ್ಲಿಷ್ ಬಾರದ ಸ್ಥಳೀಯ ಶಿಕ್ಷಕರಿಗೆ ಇಂಗ್ಲಿಷ್ ಕಲಿಸಲು ಹೋಗುವವರು, ಸರ್ಕಾರ ಕಿತ್ತುಕೊಂಡ ವೃತ್ತಿಯ ಆತ್ಮವಿಶ್ವಾಸವನ್ನು ಅವರಿಗೆ ಮರಳಿಸಲು ನೆರವಾಗುತ್ತಾರೆ. ಕಿನ್ಯಾರ್ವಾಂಡಾದ ಒಂದು ಮಾತೂ ತಿಳಿಯದೆ ಆರು ವರ್ಷದ ಮಕ್ಕಳ ಮುಂದೆ ನಿಲ್ಲುವವರು, ತಿಳಿದೋ ತಿಳಿಯದೆಯೋ, ಮಗು ಮನೆಯಿಂದ ತಂದ ಭಾಷೆಯನ್ನು ಶಾಲೆಯ ಬಾಗಿಲಲ್ಲಿ ಬಿಡಿಸುವ ಕೆಲಸಕ್ಕೆ ಕೈಜೋಡಿಸುತ್ತಾರೆ. ದೇಶ ಒಂದೇ, ವೀಸಾ ಒಂದೇ, ನೆಲೆ ಬೇರೆ. ಎಲ್ಲಿ ಎಂಬ ಪ್ರಶ್ನೆಯನ್ನು ಭೂಪಟದ ಮೇಲೆ ಮಾತ್ರ ಕೇಳಿದರೆ ಸಾಲದು. ಯಾವ ತರಗತಿ, ಯಾರ ಜಾಗ ಎಂಬಲ್ಲಿಯವರೆಗೆ ಅದನ್ನು ಒಯ್ಯಬೇಕು.

ಈ ಸ್ಥಿತಿ ನಮಗೆ ದೂರದ್ದೂ ಅಲ್ಲ. 2019ರಲ್ಲಿ ಕರ್ನಾಟಕದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಸರ್ಕಾರ ಮುಂದಾದಾಗ, ಕನ್ನಡ ಮಾಧ್ಯಮದಲ್ಲಿ ಕಲಿಸಿ ಪಳಗಿದ್ದ ಶಿಕ್ಷಕರೇ ಅಲ್ಪಾವಧಿಯ ತರಬೇತಿ ಪಡೆದು ಆ ತರಗತಿಗಳಿಗೆ ಹೋಗಬೇಕಾಯಿತು. ಅವರ ಸಂಕಟವನ್ನು ಹತ್ತಿರದಿಂದ ಬಲ್ಲವರಿಗೆ ರುವಾಂಡಾದ ಶಿಕ್ಷಕರ ಸ್ಥಿತಿ ಅರ್ಥವಾಗುವುದು ಕಷ್ಟವಲ್ಲ.

4

ರುವಾಂಡಾದಲ್ಲಿ ಕಳೆದುಹೋಗುವ ಭಾಷೆ ಎಲ್ಲರದು. ಕೆಲವೆಡೆ ನಷ್ಟ ಒಂದು ಸಮುದಾಯದ್ದು ಮಾತ್ರ ಆಗಿರುತ್ತದೆ ಮತ್ತು ಇಂಗ್ಲಿಷ್ ಕಲಿಸುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಭಾರತೀಯ ಶಿಕ್ಷಕರ ಮಟ್ಟಿಗೆ ಇದಕ್ಕೆ ಭೂತಾನವೇ ಅತ್ಯಂತ ಹತ್ತಿರದ ಉದಾಹರಣೆ.

ಭೂತಾನದ ಆಧುನಿಕ ಶಾಲೆಗಳು ಮೊದಲು ಹಿಂದಿಯನ್ನು ಮಾಧ್ಯಮವಾಗಿ ಬಳಸಿ, 1960ರ ದಶಕದಲ್ಲಿ ಇಂಗ್ಲಿಷಿಗೆ ಬದಲಾದವು. ಜೊಂಗ್ಖಾ ರಾಷ್ಟ್ರಭಾಷೆಯಾಗಿ ಪಠ್ಯದಲ್ಲಿ ಸ್ಥಾನ ಪಡೆಯಿತು. ದಕ್ಷಿಣ ಭೂತಾನದಲ್ಲಿ ನೇಪಾಳಿಯಾಡುವ ಲ್ಹೋತ್ಸಾಂಪಾ ಸಮುದಾಯದ ಮಕ್ಕಳು ಶಾಲೆಯಲ್ಲಿ ನೇಪಾಳಿಯನ್ನೂ ಓದುತ್ತಿದ್ದರು. ಇಂಗ್ಲಿಷ್ ಮಾಧ್ಯಮವಾಗಿದ್ದರೂ ಒಂದರ್ಥದಲ್ಲಿ ಇದು ಕೂಡಿಸುವ ಕಲಿಕೆಯೇ ಆಗಿತ್ತು. 1985ರ ಪೌರತ್ವ ಕಾಯಿದೆ, 1988ರ ಜನಗಣತಿ, ಏಕರೂಪದ ಉಡುಪು ಮತ್ತು ನಡಾವಳಿಯ ಆದೇಶಗಳ ಸಾಲಿನಲ್ಲಿ 1989ರಲ್ಲಿ ನೇಪಾಳಿಯನ್ನು ಪಠ್ಯಕ್ರಮದಿಂದ ತೆಗೆದುಹಾಕಲಾಯಿತು. 1990ರ ಪ್ರತಿಭಟನೆಗಳು ಮತ್ತು ಅವುಗಳನ್ನು ಹತ್ತಿಕ್ಕಿದ ಬಗೆ, ಮುಂದಿನ ವರ್ಷಗಳಲ್ಲಿ ನೇಪಾಳದ ಪೂರ್ವ ಭಾಗದ ನಿರಾಶ್ರಿತರ ಶಿಬಿರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದು, ಇವು ಇತಿಹಾಸದ ಸಂಗತಿಗಳು.

ಆ ವರ್ಷ ದಕ್ಷಿಣ ಭೂತಾನದ ಶಾಲೆಯೊಂದರಲ್ಲಿದ್ದ ಇಂಗ್ಲಿಷ್ ಶಿಕ್ಷಕರೊಬ್ಬರ ಸ್ಥಿತಿಯನ್ನು ಕಲ್ಪಿಸಿಕೊಳ್ಳಬೇಕು. ಅವರ ಪಾಠದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಅದೇ ವ್ಯಾಕರಣ, ಅದೇ ಪ್ರಬಂಧ, ಅದೇ ಪರೀಕ್ಷೆ. ವೇಳಾಪಟ್ಟಿಯಲ್ಲಿ ಮಾತ್ರ ಒಂದು ವಿಷಯ ಕಾಣೆಯಾಗಿತ್ತು. ಇಂಗ್ಲಿಷ್ ಎಲ್ಲರಿಗೂ ಸಮಾನವಾಗಿ ಪರಕೀಯವಾದ ಭಾಷೆಯಾದುದರಿಂದ ಅದು ಪಕ್ಷಪಾತವಿಲ್ಲದ್ದು ಎಂಬ ಭಾವನೆ ಮೂಡುವುದು ಸಹಜ. ಆದರೆ ತರಗತಿಯ ಒಂದು ಬದಿಯ ಮಕ್ಕಳ ಭಾಷೆಗೆ ರಾಷ್ಟ್ರದ ಮನ್ನಣೆಯಿದ್ದು, ಇನ್ನೊಂದು ಬದಿಯ ಮಕ್ಕಳ ಭಾಷೆ ಪುಸ್ತಕದಿಂದಲೇ ಅಳಿಸಿಹೋದಾಗ, ಅವರಿಬ್ಬರ ನಡುವೆ ನಿಂತ ಇಂಗ್ಲಿಷ್ ಆ ಅಳಿಸುವಿಕೆಯನ್ನು ಸಹ್ಯವಾಗಿಸುತ್ತದೆ. ಶಾಲೆ ಸುಗಮವಾಗಿ ನಡೆಯುತ್ತಿದೆ ಎಂಬ ನೋಟವನ್ನು ಅದು ಉಳಿಸಿಕೊಡುತ್ತದೆ.

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ನೇಪಾಳದ ಆ ಶಿಬಿರಗಳಲ್ಲಿ ನಿರಾಶ್ರಿತರು ನಡೆಸಿದ ಶಾಲೆಗಳಲ್ಲಿಯೂ ಇಂಗ್ಲಿಷೇ ಮಾಧ್ಯಮವಾಗಿತ್ತು. ಅಲ್ಲಿ ಅದರ ಜೊತೆಗೆ ನೇಪಾಳಿಯನ್ನೂ, ತಮ್ಮನ್ನು ಹೊರಗಟ್ಟಿದ ದೇಶದ ಜೊಂಗ್ಖಾವನ್ನೂ ಕಲಿಸಲಾಯಿತು. ಮರಳಿ ಹೋಗುವ ಆಸೆಯನ್ನು ಆ ಜನ ಭಾಷೆಯ ಮೂಲಕ ಕಾಪಾಡಿಕೊಂಡರು. ಮರಳುವ ದಾರಿ ತೆರೆಯಲಿಲ್ಲ. 2007ರ ಹೊತ್ತಿಗೆ ಬೇರೆ ದೇಶಗಳಲ್ಲಿ ಪುನರ್ವಸತಿಯ ಏರ್ಪಾಡು ಆರಂಭವಾದಾಗ, ಬಹುಪಾಲು ಜನ ಅಮೆರಿಕಕ್ಕೆ ಹೋದರು. ಶಿಬಿರದ ಶಾಲೆಯ ಇಂಗ್ಲಿಷ್ ಅವರಿಗೆ ಅಲ್ಲಿ ಬದುಕು ಕಟ್ಟಿಕೊಳ್ಳಲು ನೆರವಾಯಿತು. ಗಡಿಯ ಈಚೆಗೂ ಆಚೆಗೂ ಇದ್ದುದು ಒಂದೇ ಇಂಗ್ಲಿಷ್. ಒಂದು ಕಡೆ ಅದು ಕಳೆಯುವ ಏರ್ಪಾಡಿನ ಭಾಗವಾಗಿತ್ತು, ಇನ್ನೊಂದು ಕಡೆ ಎರಡು ಭಾಷೆಗಳ ಪಕ್ಕದಲ್ಲಿ ಮೂರನೆಯದಾಗಿ ನಿಂತಿತ್ತು. ಇಂಗ್ಲಿಷ್ ತನ್ನಷ್ಟಕ್ಕೆ ಕೇಡೂ ಅಲ್ಲ, ವರವೂ ಅಲ್ಲ ಎಂಬ ಮಾತನ್ನು ನಾವು ಆಗಾಗ ಹೇಳುತ್ತೇವೆ. ಅದನ್ನು ನಿರ್ಧರಿಸುವುದು ಅದರ ನೆರೆಯಲ್ಲಿರುವ ಭಾಷೆಗಳ ಸ್ಥಿತಿ ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ.

5

ಸರ್ವಾಧಿಕಾರದ ಪ್ರಶ್ನೆಗೆ ಈಗ ಮರಳಬಹುದು. ಉತ್ತರ ಕೊರಿಯಾದ ರಾಜಧಾನಿಯಲ್ಲಿ ವಿದೇಶಿ ಕ್ರೈಸ್ತ ಸಂಘಟನೆಗಳ ನೆರವಿನಿಂದ ಸ್ಥಾಪಿತವಾದ ಪ್ಯೊಂಗ್‌ಯಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ 2010ರಿಂದ ವಿದೇಶಿ ಅಧ್ಯಾಪಕರು ಇಂಗ್ಲಿಷಿನಲ್ಲಿ ಪಾಠ ಮಾಡತೊಡಗಿದರು. ಕೊರಿಯನ್ ಮೂಲದ ಅಮೆರಿಕನ್ ಲೇಖಕಿ ಸುಕಿ ಕಿಮ್ 2011ರಲ್ಲಿ ಅಲ್ಲಿ ಇಂಗ್ಲಿಷ್ ಕಲಿಸಿ, ತಮ್ಮ ಅನುಭವವನ್ನು 2014ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತಾವು ಬರೆಯಲೆಂದೇ ಅಲ್ಲಿಗೆ ಹೋದುದನ್ನು ಅವರು ವಿದ್ಯಾರ್ಥಿಗಳಿಂದಲೂ ಸಂಸ್ಥೆಯಿಂದಲೂ ಮರೆಮಾಡಿದ್ದರು. ಪುಸ್ತಕ ಬಂದಾಗ ಎರಡು ಬಗೆಯ ಟೀಕೆಗಳು ಎದುರಾದವು. ಆಳುವ ವರ್ಗದ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಆ ಪ್ರಭುತ್ವಕ್ಕೆ ಬಲ ಕೊಟ್ಟಂತೆ ಎಂಬುದು ಒಂದು. ಪುಸ್ತಕ ಬರೆದು ಆ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಅಪಾಯಕ್ಕೆ ಒಡ್ಡಿದಂತಾಯಿತು ಎಂಬುದು ಇನ್ನೊಂದು. ವಿದ್ಯಾರ್ಥಿಗಳ ಹೆಸರುಗಳನ್ನೂ ಗುರುತುಗಳನ್ನೂ ಬದಲಾಯಿಸಿ ಬರೆದಿದ್ದೇನೆಂಬುದು ಲೇಖಕಿಯ ಉತ್ತರ.

ಈ ಎರಡು ಟೀಕೆಗಳಲ್ಲಿ ಎರಡನೆಯದು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಮುಚ್ಚಿದ ಸಮಾಜದಲ್ಲಿ ಹೊರಗಿನ ಲೋಕದ ಒಂದು ಕಿಟಕಿಯನ್ನು ತೆರೆಯುವುದು ಒಳ್ಳೆಯದೆಂದು ಒಪ್ಪಿಕೊಂಡರೂ, ಆ ಕಿಟಕಿಯಿಂದ ಇಣುಕಿದ್ದಕ್ಕೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ವಿದೇಶಿ ಅಧ್ಯಾಪಕರಿಗೆ ಮರಳುವ ವಿಮಾನವಿದೆ, ವಿದ್ಯಾರ್ಥಿಗೆ ಇಲ್ಲ. ತರಗತಿಯಲ್ಲಿ ಆಡಿದ ಒಂದು ಧೈರ್ಯದ ಮಾತು ಅಧ್ಯಾಪಕರ ಪಾಲಿಗೆ ನೆನಪಾಗಿ ಉಳಿಯಬಹುದು, ಅದನ್ನು ಕೇಳಿ ತಲೆಯಾಡಿಸಿದ ವಿದ್ಯಾರ್ಥಿಯ ಪಾಲಿಗೆ ಅದು ಆರೋಪವಾಗಬಹುದು. 2017ರಲ್ಲಿ ಅಮೆರಿಕ ತನ್ನ ಪೌರರ ಉತ್ತರ ಕೊರಿಯಾ ಪ್ರಯಾಣವನ್ನು ನಿರ್ಬಂಧಿಸಿದಾಗ ಅಲ್ಲಿದ್ದ ಅಮೆರಿಕನ್ ಅಧ್ಯಾಪಕರು ಕೆಲಸ ಬಿಡಬೇಕಾಯಿತು. ಅವರ ವಿದ್ಯಾರ್ಥಿಗಳು ಅಲ್ಲಿಯೇ ಇದ್ದರು.

ಆದ್ದರಿಂದ, ಸರ್ಕಾರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ತನ್ನ ಕೈ ಶುದ್ಧವಾಗಿರುವುದೆ ಎಂದು ನೋಡಿಕೊಳ್ಳುವ ನೈತಿಕತೆ ಸಾಲದು. ತಾನು ಅಲ್ಲಿಗೆ ಹೋಗುವುದರಿಂದ ಉಂಟಾಗುವ ಅಪಾಯವನ್ನು ತಾನೇ ಹೊರುತ್ತೇನೆಯೋ, ಬಿಟ್ಟುಹೋಗಲಾರದವರ ಮೇಲೆ ಹೊರಿಸುತ್ತೇನೆಯೋ ಎಂದು ಕೇಳಿಕೊಳ್ಳಬೇಕು. ಕಳೆಯುವ ಕಲಿಕೆಗೂ ಇದಕ್ಕೂ ಒಳಸಂಬಂಧವಿದೆ. ಎರಡರಲ್ಲಿಯೂ ಕಲಿಸುವವರು ಹೊರಟುಹೋದ ಮೇಲೆ ಲೆಕ್ಕ ತೀರಿಸುವವರು ಉಳಿದವರೇ.

6

ಪ್ರಜಾಪ್ರಭುತ್ವವಿರುವ, ಶ್ರೀಮಂತವಾದ, ತನ್ನ ಭಾಷೆ ಭದ್ರವಾಗಿರುವ ದೇಶಕ್ಕೆ ಹೋದರೆ ಈ ತೊಡಕುಗಳಿಲ್ಲವೆಂದು ತೋರಬಹುದು. ದಕ್ಷಿಣ ಕೊರಿಯಾ ಅಂಥ ದೇಶ. ಶಿಕ್ಷಣ ಅಲ್ಲಿ ಕೊರಿಯನ್ ಭಾಷೆಯಲ್ಲಿಯೇ ನಡೆಯುತ್ತದೆ. ಇಂಗ್ಲಿಷ್ ಒಂದು ವಿಷಯ ಮಾತ್ರ. ನನ್ನ ಅಳತೆಗೋಲಿನಂತೆ ಇದು ಕೂಡಿಸುವ ಕಲಿಕೆ. ರುವಾಂಡಾಕ್ಕಿಂತ ನಿರಾತಂಕವಾದ ನೆಲೆ. ಆದರೆ ಫಿಲಿಪ್ಸನ್ ಗುರುತಿಸಿದ ಎರಡನೆಯ ಮಿಥ್ಯೆ ಇಲ್ಲಿ ಕಾನೂನಿನ ರೂಪ ತಾಳಿದೆ. ಸಂಭಾಷಣೆಯ ಇಂಗ್ಲಿಷ್ ಕಲಿಸುವವರಿಗೆ ಕೊಡುವ ವೀಸಾ ಮುಖ್ಯವಾಗಿ ಏಳು ದೇಶಗಳ ಪೌರರಿಗೆ ಮೀಸಲು: ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಭಾರತ ಮತ್ತು ಕೊರಿಯಾಗಳ ನಡುವಣ ಆರ್ಥಿಕ ಸಹಭಾಗಿತ್ವದ ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಭಾರತೀಯರಿಗೂ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಅವಕಾಶ ದೊರೆಯಿತು. ಆದರೆ ಏಳು ದೇಶಗಳವರಿಗೆ ವೀಸಾದ ಮಟ್ಟಿಗೆ ಯಾವುದೇ ವಿಷಯದ ಪದವಿ ಸಾಕು. ಭಾರತೀಯರಿಗೆ ಶಿಕ್ಷಕ ವೃತ್ತಿಯ ಅರ್ಹತಾಪತ್ರವೂ ಬೇಕು.

ಈ ವ್ಯತ್ಯಾಸವನ್ನು ಅನ್ಯಾಯವೆಂದು ಕರೆದು ಸುಮ್ಮನಾಗುವುದು ಸುಲಭ. ಅದರಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ಇಂಗ್ಲಿಷನ್ನು ತೊಟ್ಟಿಲಿನಲ್ಲಿ ಪಡೆದವರಿಗೆ ಕಲಿಸುವ ವಿದ್ಯೆ ಬೇಕಾಗಿಲ್ಲ. ಕಷ್ಟಪಟ್ಟು ಕಲಿತವರಿಗೆ ಮಾತ್ರ ಬೇಕು. ಕನ್ನಡದ ಮಗುವಾಗಿ ಇಂಗ್ಲಿಷಿನ ವಾಕ್ಯರಚನೆಯಲ್ಲಿ ಎಡವಿ ಎದ್ದವರಿಗೆ, ಕ್ರಿಯಾಪದ ಕೊನೆಗೆ ಬರುವ ಭಾಷೆಯಿಂದ ನಡುವೆ ಬರುವ ಭಾಷೆಗೆ ದಾಟಿದವರಿಗೆ, ಅದೇ ದಾರಿಯಲ್ಲಿ ಎಡವುವ ಕೊರಿಯನ್ ಮಗುವಿನ ಕಷ್ಟ ತಿಳಿಯುತ್ತದೆ. ಕೊರಿಯನ್ನಿನಲ್ಲಿಯೂ ಕ್ರಿಯಾಪದ ಬರುವುದು ಕೊನೆಗೇ. ಈ ತಿಳಿವಳಿಕೆ ಇರುವ ಶಿಕ್ಷಕರು ಅಲ್ಲಿಗೆ ಹೋಗುವುದು ಆ ಮಿಥ್ಯೆಯನ್ನು ಒಳಗಿನಿಂದ ಪ್ರಶ್ನಿಸುವ ಒಂದು ಬಗೆ. ಆದರೆ ಅವರು ಅಲ್ಲಿಗೆ ಹೋಗಿ ತಾವೂ ಮಾತೃಭಾಷಿಕರೇ ಎಂಬಂತೆ ಉಚ್ಚಾರಣೆಯನ್ನು ಬದಲಿಸಿಕೊಂಡು, ತಮ್ಮ ಭಾಷೆಯನ್ನು ಬಚ್ಚಿಟ್ಟುಕೊಂಡರೆ ಆ ಪ್ರಯೋಜನ ಕೈತಪ್ಪುತ್ತದೆ.

ಶ್ರೀಲಂಕಾದ ಜಾಫ್ನಾದಲ್ಲಿ ಇಂಗ್ಲಿಷ್ ಕಲಿಸಿದ ಸುರೇಶ್ ಕನಗರಾಜಾ 1999ರ ತಮ್ಮ ಗ್ರಂಥದಲ್ಲಿ ಒಂದು ಗಮನಾರ್ಹ ಆಕರವನ್ನು ಬಳಸಿದ್ದಾರೆ: ಅಮೆರಿಕನ್ ಪಠ್ಯಪುಸ್ತಕದ ಅಂಚಿನಲ್ಲಿ ತಮಿಳು ವಿದ್ಯಾರ್ಥಿಗಳು ಗೀಚಿದ ಬರಹಗಳು, ಚಿತ್ರಗಳು. ಅಧಿಕೃತ ಪಾಠದಲ್ಲಿ ಜಾಗವಿಲ್ಲದ ಮಕ್ಕಳ ಲೋಕ ಅಂಚಿನಲ್ಲಿ ಜಾಗ ಮಾಡಿಕೊಂಡಿತ್ತು. ಆ ಅಂಚನ್ನು ಓದಬಲ್ಲ ಶಿಕ್ಷಕರಿಗೂ ಓದಲಾರದ ಶಿಕ್ಷಕರಿಗೂ ಇರುವ ಅಂತರ ದೊಡ್ಡದು. ಎಲ್ಲಿಗೆ ಹೋಗಬೇಕೆಂದು ಆರಿಸಿಕೊಳ್ಳುವವರು, ಅಲ್ಲಿನ ಮಕ್ಕಳು ಅಂಚಿನಲ್ಲಿ ಬರೆದುದನ್ನು ಓದುವಷ್ಟಾದರೂ ಅಲ್ಲಿನ ಭಾಷೆಯನ್ನು ಕಲಿಯಲು ತಾನು ಸಿದ್ಧನೆ ಎಂದು ಕೇಳಿಕೊಳ್ಳುವುದು ನ್ಯಾಯ.

7

ಈ ವಾದಕ್ಕೆ ಗಂಭೀರವಾದ ಒಂದು ಆಕ್ಷೇಪವಿದೆ. ತಾಯ್ನುಡಿಯ ಪರವಾಗಿ ಮಾತನಾಡುವವರು ಬಹಳ ಸಲ ಇಂಗ್ಲಿಷನ್ನು ಈಗಾಗಲೇ ದಕ್ಕಿಸಿಕೊಂಡವರು. 19ನೆಯ ಶತಮಾನದಲ್ಲಿ ಸಾವಿತ್ರಿಬಾಯಿ ಫುಲೆಯವರು ಶೂದ್ರಾತಿಶೂದ್ರರು ಇಂಗ್ಲಿಷ್ ಕಲಿಯಬೇಕೆಂದು ಬರೆದರು. 2010ರಲ್ಲಿ ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ ದಲಿತ ಚಿಂತಕರು ಇಂಗ್ಲಿಷ್ ದೇವತೆಗೆ ಗುಡಿ ಕಟ್ಟಲು ಮುಂದಾದುದರ ಹಿಂದಿನ ನೋವನ್ನು ಯಾರೂ ಲಘುವಾಗಿ ಕಾಣುವಂತಿಲ್ಲ. ತನ್ನ ಊರಿನ ಭಾಷೆಯೇ ತನ್ನನ್ನು ಕೀಳಾಗಿ ಕರೆಯಲು ಬಳಕೆಯಾದಾಗ, ದೂರದ ಭಾಷೆ ಬಿಡುಗಡೆಯಾಗಿ ಕಾಣುತ್ತದೆ. ಶಿಬಿರದ ನಿರಾಶ್ರಿತರಿಗೂ ರುವಾಂಡಾದ ಬಡ ತಾಯಿತಂದೆಯರಿಗೂ ಇಂಗ್ಲಿಷ್ ಹಾಗೆಯೇ ಕಾಣಬಹುದು. ಕಳೆಯುವ ತರಗತಿಗೆ ಹೋಗುವುದಿಲ್ಲವೆಂದು ಶಿಕ್ಷಕರು ನಿರಾಕರಿಸಿದರೆ, ಅಲ್ಲಿನ ಮಕ್ಕಳಿಗೆ ಇಂಗ್ಲಿಷೂ ಇಲ್ಲ, ತಾಯ್ನುಡಿಯೂ ಇಲ್ಲ ಎಂಬಂತಾಗಬಹುದಲ್ಲವೆ?

ಆಕ್ಷೇಪದಲ್ಲಿ ಸತ್ಯವಿದೆ. ಅದಕ್ಕಾಗಿಯೇ ನಾನು ದೇಶಗಳ ಬಹಿಷ್ಕಾರವನ್ನು ಸೂಚಿಸುತ್ತಿಲ್ಲ. ಆದರೆ ಸಾವಿತ್ರಿಬಾಯಿಯವರು ಇಂಗ್ಲಿಷಿನ ಪರವಾದ ಆ ಪದ್ಯವನ್ನು ಬರೆದದ್ದು ಮರಾಠಿಯಲ್ಲಿ ಎಂಬುದನ್ನು ಮರೆಯಬಾರದು. ಬಿಡುಗಡೆಗಾಗಿ ಇಂಗ್ಲಿಷ್ ಕೇಳಿದವರು ಅದಕ್ಕೆ ಬದಲಾಗಿ ತಮ್ಮ ಮಾತನ್ನು ಒತ್ತೆಯಿಡಲು ಒಪ್ಪಿದ್ದರೆಂದು ಭಾವಿಸಲು ಆಧಾರವಿಲ್ಲ. ತಾಯ್ನುಡಿಯನ್ನು ತೆಗೆದರೆ ಮಾತ್ರ ಇಂಗ್ಲಿಷ್ ಬರುತ್ತದೆ ಎಂಬುದು ಕೇಳಿದವರ ಷರತ್ತಲ್ಲ. ಅದು ಮಕೆರೆರೆಯ ಕಾಲದ ಬೋಧನಶಾಸ್ತ್ರದ ಷರತ್ತು. ಇಂಗ್ಲಿಷ್ ಕಲಿಸಲು ಹೋಗುವವರ ಹೊಣೆ ಆ ಷರತ್ತನ್ನು ತಮ್ಮ ತರಗತಿಯಲ್ಲಾದರೂ ಮುರಿಯುವುದು. ಅದಕ್ಕೆ ಎಳ್ಳಷ್ಟೂ ಅವಕಾಶವಿಲ್ಲದ ನೆಲೆಯಿಂದ ದೂರವಿರುವುದು ಸರಿಯಾದ ಆಯ್ಕೆ ಎಂದು ನನ್ನ ನಂಬಿಕೆ.

ಸ್ಥಳೀಯ ಭಾಷೆಯನ್ನು ಕಲಿತ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆಯೆಂದೂ ಹೇಳುವಂತಿಲ್ಲ. ಮೊಗ್ಲಿಂಗ್, ಕಿಟೆಲ್ ಮೊದಲಾದವರು ಕನ್ನಡವನ್ನು ನಮ್ಮವರಿಗಿಂತ ಶ್ರದ್ಧೆಯಿಂದ ಕಲಿತರು; 1843ರ 'ಮಂಗಳೂರು ಸಮಾಚಾರ' ಮತ್ತು 1894ರ ನಿಘಂಟು ಅದರ ಫಲ. ಅವರ ಉದ್ದೇಶ ಧರ್ಮಪ್ರಚಾರವಾಗಿತ್ತೆಂಬುದನ್ನೂ ನಾವು ಬಲ್ಲೆವು. ಭಾಷೆಯ ಅರಿವು ಉದ್ದೇಶವನ್ನು ಶುದ್ಧಗೊಳಿಸುವುದಿಲ್ಲ. ಆದರೆ ಅದಿಲ್ಲದೆ, ತನ್ನಿಂದ ಆಗುತ್ತಿರುವ ಹಾನಿಯನ್ನು ಕಾಣುವ ಕಣ್ಣೇ ಇರುವುದಿಲ್ಲ.

8

ಕನ್ನಡ ಓದುಗರೆಲ್ಲರಿಗೂ ತಿಳಿದ ಒಂದು ಪ್ರಸಂಗವನ್ನು ಈ ದೃಷ್ಟಿಯಿಂದ ಮತ್ತೆ ನೋಡಬಹುದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದು ಮದನಪಲ್ಲಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆದು ಒಂದು ಸಂಕಲನವನ್ನೂ ತಂದಿದ್ದ ತರುಣ ಕುವೆಂಪು ತಮ್ಮ ರಚನೆಗಳನ್ನು ತೋರಿಸಿದರು. ಕನ್ನಡದಲ್ಲಿ ಬರೆಯಬೇಕೆಂದು ಕಸಿನ್ಸ್ ಸಲಹೆ ಕೊಟ್ಟರು. ಈ ಪ್ರಸಂಗವನ್ನು ನಾವು ಕುವೆಂಪು ಅವರ ಕಥೆಯಾಗಿ ಹೇಳುತ್ತೇವೆ. ಕನ್ನಡಕ್ಕೆ ಒದಗಿದ ಭಾಗ್ಯವಾಗಿ ನೆನೆಯುತ್ತೇವೆ. ಅದನ್ನು ಪರದೇಶದಲ್ಲಿದ್ದ ಇಂಗ್ಲಿಷ್ ಅಧ್ಯಾಪಕರೊಬ್ಬರ ಕಥೆಯಾಗಿ ಓದುವುದು ಕಡಿಮೆ. ತನ್ನ ಭಾಷೆಯಲ್ಲಿ ಬರೆಯುವ ಪ್ರತಿಭಾವಂತ ತರುಣನೊಬ್ಬ ಎದುರು ಬಂದಾಗ ಅವನನ್ನು ತನ್ನ ಗುಂಪಿಗೆ ಸೇರಿಸಿಕೊಳ್ಳುವ ಆಸೆ ಯಾವ ಭಾಷಾ ಅಧ್ಯಾಪಕರಿಗೂ ಸಹಜ. ಆಳುವ ಭಾಷೆಯ ಎದುರು ತನ್ನ ನಾಡಿನ ಭಾಷೆ ಹಿಂದೆ ಸರಿದುದನ್ನು ಬಲ್ಲ ಐರ್ಲೆಂಡಿನಿಂದ ಬಂದ ಕವಿ ಆ ಆಸೆಯನ್ನು ಬಿಟ್ಟುಕೊಟ್ಟರು. ಕುವೆಂಪು ಇಂಗ್ಲಿಷನ್ನು ಕಳೆದುಕೊಳ್ಳಲೂ ಇಲ್ಲ. ಅದರಿಂದ ಪಡೆದುದೆಲ್ಲ ಕನ್ನಡಕ್ಕೆ ಕೂಡಿತು.

ಪಡೆಯುವವರಾಗಿ ನಮಗೆ ದೊರೆತ ಈ ಅನುಭವವೇ ಕೊಡುವವರಾಗಿ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ನಾವು ಕೊಡಬಹುದಾದ ಬುತ್ತಿ. ಆದರೆ ಅದನ್ನು ಕಟ್ಟಿಕೊಡುವ ಏರ್ಪಾಡು ನಮ್ಮಲ್ಲಿಲ್ಲ. ಇಂಗ್ಲಿಷ್ ಅಧ್ಯಾಪನದ ತರಬೇತಿಯಲ್ಲಿ ಶಿಕ್ಷಣ ಮಾಧ್ಯಮದ ಚರಿತ್ರೆ ನೆಪಮಾತ್ರಕ್ಕೆ ಬರುತ್ತದೆ. ಕನ್ನಡ ವಿಭಾಗಗಳು ಆ ಚರಿತ್ರೆಯನ್ನು ಕನ್ನಡದ ಹೋರಾಟದ ಅಧ್ಯಾಯವಾಗಿ ಮಾತ್ರ ಕಲಿಸುತ್ತವೆ. ಕಿನ್ಯಾರ್ವಾಂಡಾ, ಲ್ಹೋತ್ಸಾಂಪಾ ಮಕ್ಕಳ ನೇಪಾಳಿ, ಗಿಕುಯು ಇವೆಲ್ಲ ನಮ್ಮ ಪ್ರಶ್ನೆಯ ಬೇರೆ ಬೇರೆ ರೂಪಗಳೆಂದು ತೋರಿಸುವ ಒಂದು ಪತ್ರಿಕೆಯನ್ನು ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳು ಜೊತೆಗೂಡಿ ಸ್ನಾತಕೋತ್ತರ ತರಗತಿಗಳಲ್ಲಿ ಕಲಿಸುವುದು ಅಸಾಧ್ಯವೇನೂ ಅಲ್ಲ. ನಮ್ಮ ಭಾಷೆಗಾಗಿ ಕೇಳುವ ನ್ಯಾಯವನ್ನು ಇನ್ನೊಬ್ಬರ ಭಾಷೆಗೆ ಕೊಡಲು ನಾವು ಸಿದ್ಧರಿಲ್ಲದಿದ್ದರೆ, ಆ ಕೇಳಿಕೆಗೆ ನೈತಿಕ ಬಲವೂ ಇರುವುದಿಲ್ಲ. ಮುಂದಿನ ಸಲ ವಿದ್ಯಾರ್ಥಿಯೊಬ್ಬ ವಿದೇಶದ ಶಾಲೆಯ ಅರ್ಜಿಯನ್ನು ಹಿಡಿದು ಸಲಹೆಗೆ ಬಂದಾಗ ಸಂಬಳದ ಮಾತನ್ನು ಆಡೋಣ. ಅದಕ್ಕೆ ಮೊದಲು, ಆ ಊರಿನ ಮಕ್ಕಳು ಮನೆಯಲ್ಲಿ ಯಾವ ಭಾಷೆಯಾಡುತ್ತಾರೆ, ಶಾಲೆಯಲ್ಲಿ ಅದಕ್ಕೆ ಎಷ್ಟು ಜಾಗವಿದೆ ಎಂಬುದನ್ನು ತಿಳಿದುಕೊಂಡು ಬರಲು ಅವನಿಗೆ ಹೇಳೋಣ.